ಫಿಶ್ ಟ್ಯಾಂಕ್ ಪೈಪ್: ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಸರ್, ಪಡಸಾಲೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸ್ತಿದ್ದೇವೆ. ಸ್ಟ್ಯಾಂಡ್ ಒಳಗೆ ಸಂಪ್ ಫಿಲ್ಟರ್ (ಟ್ಯಾಂಕಿನ ನೀರು ಇಳಿದು ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗುವ ಕೆಳಗಿನ ತೊಟ್ಟಿ), ಎರಡೂವರೆ ಅಡಿ ಉದ್ದ, ಅಗಲ-ಎತ್ತರ ಒಂದೊಂದು ಅಡಿ. ನೀರು ಇಳಿಯೋಕೆ ಒಂದು, ಮೇಲೆ ಹೋಗೋಕೆ ಒಂದು, ಎರಡೂ ಮುಕ್ಕಾಲು ಇಂಚಿನ ಪೈಪ್ ಸಾಕು ಅಂತಾರೆ ಪ್ಲಂಬರ್. ಮೇಲೆ ಹೋಗುವ ರಿಟರ್ನ್ ಪೈಪಿಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಕರೆಂಟ್ ಹೋದರೂ ಚಿಂತೆ ಇಲ್ಲ ಅಂತಾರೆ. ಹೌದಾ? (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಒಪ್ಪಬೇಡಿ. ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚೋಕೆ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ಮೇಲೆ ಹೋಗುವ ನೀರನ್ನು ಪಂಪ್ ದಬ್ಬುತ್ತೆ. ಇಳಿಯುವ ನೀರಿಗೆ ಯಾರೂ ದಬ್ಬೋರಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದಕ್ಕೇ ಇಳಿಯುವ ಪೈಪ್ ಯಾವಾಗಲೂ ದೊಡ್ಡದಿರಬೇಕು. ನಿಮ್ಮ ಟ್ಯಾಂಕಿಗೆ ಮೂರು ಪೈಪ್ ಹಾಕಿಸಿ: ಇಳಿಯೋಕೆ ಒಂದು ಇಂಚಿನವು ಎರಡು, ರಿಟರ್ನ್ ಮುಕ್ಕಾಲು ಇಂಚು. ಇಳಿಯುವ ಒಂದಕ್ಕೆ ಸ್ಟ್ಯಾಂಡ್ ಒಳಗೆ ವಾಲ್ವ್ ಇರಲಿ. ಇನ್ನೊಂದು ಎಮರ್ಜೆನ್ಸಿ ಪೈಪ್, ಅದಕ್ಕೆ ವಾಲ್ವ್ ಹಾಕಲೇಬೇಡಿ. ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ಮೇಲಿನ ನೀರು ಬಂದು ಬೀಳುವ ಡಬ್ಬಿ, ಇಳಿಯುವ ಪೈಪ್ ಶುರುವಾಗೋದು ಇಲ್ಲೇ) ಒಳಗೆ ಅದರ ಬಾಯಿ ಮೊದಲನೆಯದಕ್ಕಿಂತ ಮೇಲಿರಬೇಕು. ಸಾಮಾನ್ಯ ದಿನ ಅದು ಸುಮ್ನೆ ನಿಂತಿರುತ್ತೆ. ಒಂದು ಬಸವನಹುಳು, ಒಂದು ಕೊಳೆತ ಎಲೆ ಮೊದಲ ಪೈಪಿಗೆ ಸಿಕ್ಕಿಕೊಂಡರೆ ನೀರು ಏರಿ ಎಮರ್ಜೆನ್ಸಿಗೆ ಬೀಳುತ್ತೆ. ಇದರ ಕೆಳಗಿನ ತುದಿ ಸಂಪ್ ನೀರಿನ ಮೇಲೆಯೇ ನಿಲ್ಲಲಿ, ನೀರು ಬಿದ್ದಾಗ ಜೋರಾಗಿ ಸದ್ದಾಗಿ ನಿಮಗೆ ಗೊತ್ತಾಗಬೇಕು. ಮೊದಲನೆಯದರ ತುದಿ ಮಾತ್ರ ನೀರಿನೊಳಗೆ ಒಂದು ಇಂಚು ಮುಳುಗಿರಲಿ, ಅದಕ್ಕಿಂತ ಆಳ ಹೋದರೆ ಪೈಪಿನೊಳಗಿನ ಗಾಳಿ ಹೊರಗೆ ಬರೋಲ್ಲ.

ಇನ್ನು ಕರೆಂಟ್ ವಿಷಯ. ಪಂಪ್ ನಿಂತ ಕೂಡಲೇ ಟ್ಯಾಂಕಿನ ನೀರು ರಿಟರ್ನ್ ಪೈಪಿನಲ್ಲೇ ವಾಪಸ್ ಇಳಿಯೋಕೆ ಶುರು ಮಾಡುತ್ತೆ, ಆ ಪೈಪಿನ ಬಾಯಿ ಗಾಳಿ ಎಳೆಯುವ ತನಕ ನಿಲ್ಲೋದಿಲ್ಲ. ನಿಮ್ಮ ಟ್ಯಾಂಕಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ ಸುಮಾರು ಐದೂವರೆ ಲೀಟರ್. ರಿಟರ್ನ್ ಬಾಯಿ 5 ಸೆಂಟಿಮೀಟರ್ ಆಳದಲ್ಲಿದ್ದರೆ ಹೆಚ್ಚುಕಮ್ಮಿ 27 ಲೀಟರ್ ಕೆಳಗೆ ಬಂತು. ಸಂಪಿನಲ್ಲಿ ಅಷ್ಟು ನೀರು ಅಂದರೆ 12 ಸೆಂಟಿಮೀಟರ್ ಏರಿಕೆ, ಓವರ್‌ಫ್ಲೋ ಬಾಕ್ಸಿನ ನೀರು ಬೇರೆ ಸೇರುತ್ತೆ. ಸಂಪ್ ಎತ್ತರವೇ 30 ಸೆಂಟಿಮೀಟರ್ ಅಲ್ವಾ? ಮುಕ್ಕಾಲು ತುಂಬಿಸಿಟ್ಟಿದ್ದರೆ ಪಡಸಾಲೆಗೇ ನೀರು. ಅದೇ ಬಾಯನ್ನು 2 ಸೆಂಟಿಮೀಟರ್ ಆಳಕ್ಕೆ ಇಟ್ಟರೆ ಬರೋದು 11 ಲೀಟರ್ ಅಷ್ಟೇ. ಆದ್ದರಿಂದ ಬಾಯಿ ಮೇಲೆ ಇಡಿ, ಸಂಪಿನಲ್ಲಿ 10 ಸೆಂಟಿಮೀಟರ್ ಖಾಲಿ ಬಿಡಿ.

ಎನ್‌ಆರ್‌ವಿ ಹಾಕೋದಾದರೆ ಹಾಕಿ, ಬೇಡ ಅನ್ನೋಲ್ಲ. ಆದರೆ ಅದಿಲ್ಲ ಅಂದುಕೊಂಡೇ ಲೆಕ್ಕ ಹಾಕಿ. ಒಂದು ಚೂರು ಮರಳು, ಸ್ವಲ್ಪ ಪಾಚಿ ಅದರ ಮುಚ್ಚಳಕ್ಕೆ ಸಿಕ್ಕರೂ ಪೂರ್ತಿ ಮುಚ್ಚೋಲ್ಲ. ನೀವು ಊರಿಗೆ ಹೋದಾಗ, ನಡುರಾತ್ರಿ ಕರೆಂಟ್ ಹೋದಾಗ ಅದನ್ನು ನೋಡೋರು ಯಾರು?

ಬೇಸಿಗೆಯಲ್ಲಿ ಇನ್ನೊಂದು ಆಗುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ನೀರು ಬೇಗ ಆರುತ್ತೆ, ಕಡಿಮೆಯಾಗಿದ್ದು ಕಾಣೋದು ಸಂಪಿನಲ್ಲಿ ಪಂಪ್ ಇರುವ ಭಾಗದಲ್ಲಿ ಮಾತ್ರ. ಮನೆಯವರು ಯಾರೋ ನೋಡಿ, ಪಾಪ, ಒಳ್ಳೆ ಮನಸ್ಸಿಂದಲೇ ಎರಡು ಬಕೆಟ್ ಜಾಸ್ತಿ ಸುರೀತಾರೆ. ಬಿಟ್ಟ ಜಾಗ ಹೋಯಿತು. ಸಂಪಿನ ಗಾಜಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಇದರ ಮೇಲೆ ನೀರು ಹಾಕಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನಳದ ನೀರನ್ನು ನೇರ ಹಾಕಬೇಡಿ, ಕ್ಲೋರಿನ್ ಇರುತ್ತೆ, ಅದನ್ನು ತೆಗೆಯುವ ಔಷಧಿ ಹಾಕಿಯೇ ಹಾಕಿ.

ಪಂಪ್ ತೊಗೊಳ್ಳುವಾಗ ಡಬ್ಬಿ ಮೇಲಿನ ನಂಬರ್ ಒಂದನ್ನೇ ನಂಬಬೇಡಿ. ಅದು ನೀರನ್ನು ಎತ್ತರಕ್ಕೆ ಏರಿಸದೇ ಇದ್ದಾಗಿನ ಲೆಕ್ಕ. ನಿಮ್ಮದು ಸುಮಾರು 250 ಲೀಟರ್ ಟ್ಯಾಂಕ್, ಗಂಟೆಗೆ ನಾಲ್ಕೈದು ಸಲ ನೀರು ತಿರುಗಿದರೆ ಸಾಕು, ಅಂದರೆ 1,000ದಿಂದ 1,250 ಲೀಟರ್. ನಾಲ್ಕು ಅಡಿ ಮೇಲೆ ಹೋಗಿ ಅಷ್ಟು ಬೀಳಬೇಕಾದರೆ 2,000ದಿಂದ 2,500 ಲೀಟರ್ ಅಂತ ಬರೆದಿರೋ ಪಂಪ್ ನೋಡಿ. ಎಲ್ಬೋ (ಪೈಪ್ ತಿರುಗಿಸುವ ತುಂಡು) ಜಾಸ್ತಿ ಹಾಕಿದಷ್ಟೂ ಹರಿವು ಕಡಿಮೆ. ಜಾಗ ಇದ್ದಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿಸಿ. ಪಂಪ್ ಹತ್ತಿರ, ವಾಲ್ವ್ ಹತ್ತಿರ ಯೂನಿಯನ್ (ಕೈಯಲ್ಲಿ ತಿರುಗಿಸಿ ಬಿಚ್ಚುವ ಜೋಡಣೆ) ಬೇಕೇ ಬೇಕು, ಇಲ್ಲದಿದ್ದರೆ ಪಂಪ್ ತೊಳೆಯೋಕೆ ಪೈಪೇ ಕೊಯ್ಯಬೇಕಾಗುತ್ತೆ. ವಾಲ್ವ್ ಪ್ಲಾಸ್ಟಿಕ್‌ದೇ ಇರಲಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತೆ, ನಾಳೆ ಸೀಗಡಿ ಸಾಕಬೇಕು ಅನಿಸಿದರೆ ಅದಕ್ಕೆ ಆಗಿಬರೋಲ್ಲ.

ಅಂಟಿಸಿ ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮೀನು ಬಿಡೋಕೆ ಮುಂಚೆ ಎರಡು ಪರೀಕ್ಷೆ ಮಾಡಿ. ಮೊದಲು ಓಡುತ್ತಿರುವ ಪಂಪಿನ ಸ್ವಿಚ್ ಆಫ್ ಮಾಡಿ, ಸಂಪ್ ತುಂಬಿ ಚೆಲ್ಲುತ್ತಾ ನೋಡಿ. ಆಮೇಲೆ ಪಂಪ್ ಓಡುತ್ತಿರುವಾಗಲೇ ಇಳಿಯುವ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ. ಅಷ್ಟೂ ನೀರನ್ನು ಎಮರ್ಜೆನ್ಸಿ ಒಂದೇ ಇಳಿಸಬೇಕು, ಟ್ಯಾಂಕಿನ ಅಂಚಿಗೆ ನೀರು ಬರಬಾರದು.

ಪ್ರಶ್ನೆ: ನಮ್ಮ ಟ್ಯಾಂಕಿಗೆ ಇಳಿಯುವ ಪೈಪ್ ಒಂದೇ. ರಾತ್ರಿ ಗೊಳಗೊಳ ಸದ್ದು, ನಿದ್ದೆ ಬರೋಲ್ಲ. (ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ನೀರಿನ ಜೊತೆ ಗಾಳಿ ಎಳೀತಿದೆ. ಪೈಪಿನ ಮೇಲ್ತುದಿಗೆ ಒಂದು ಟೀ (T ಆಕಾರದ, ಮೂರು ಬಾಯಿಯ ತುಂಡು) ಕೂಡಿಸಿ. ಟೀಯ ಪಕ್ಕದ ಬಾಯಿಗೆ ಕೆಳಮುಖದ ಎಲ್ಬೋ, ಮೇಲಿನ ಬಾಯಿಗೆ ಎಂಡ್ ಕ್ಯಾಪ್. ಕ್ಯಾಪಿಗೆ ಸಣ್ಣ ತೂತು ಕೊರೆದು, ಸದ್ದು ಇಳಿಯುವ ತನಕ ಸ್ವಲ್ಪಸ್ವಲ್ಪವೇ ದೊಡ್ಡದು ಮಾಡುತ್ತಾ ಹೋಗಿ. ಸದ್ದು ಕಡಿಮೆ ಮಾಡೋಕೆ ಅಂತ ಆ ಪೈಪಿಗೆ ವಾಲ್ವ್ ಹಾಕಿ ಬಿಗಿ ಮಾಡಬೇಡಿ. ಎಮರ್ಜೆನ್ಸಿ ಇಲ್ಲದ ಟ್ಯಾಂಕಲ್ಲಿ ಅದು ಅಪಾಯ.

ಪ್ರಶ್ನೆ: ರೆಡಿಮೇಡ್ ಟ್ಯಾಂಕ್ ಇದೆ. ಗಾಜಿಗೆ ತೂತು ಕೊರೆಯಬಹುದಾ? ಇಲ್ಲಾ ಅಂಚಿಗೆ ತೂಗುಹಾಕುವ ಓವರ್‌ಫ್ಲೋ ಬಾಕ್ಸ್ ಸಾಕಾ? (ಓದುಗರು, ಗದಗ)

ಉತ್ತರ: ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಕೊರೆಯಲೇಬಾರದು, ಇಡೀ ಗಾಜು ಪುಡಿಯಾಗುತ್ತೆ. ಮೊದಲು ಅಂಗಡಿಯಲ್ಲಿ ಕೇಳಿ. ಮಾಮೂಲಿ ಗಾಜಾದರೆ ಟ್ಯಾಂಕ್ ಖಾಲಿ ಮಾಡಿ, ಗಾಜಿನ ಕೆಲಸದವರಿಂದ ಡೈಮಂಡ್ ಬಿಟ್‌ನಲ್ಲಿ ನೀರು ಬಿಡುತ್ತಾ ಕೊರೆಸಿ, ಟ್ಯಾಂಕ್ ನಿಪ್ಪಲ್ (ತೂತಿಗೆ ಸೋರದಂತೆ ಪೈಪ್ ಕೂಡಿಸುವ ತುಂಡು) ಕೂಡಿಸಿ. ತೂಗುಹಾಕುವ ಬಾಕ್ಸ್ ಸೈಫನ್ ನಂಬಿ ನಿಂತಿರುತ್ತೆ, ಅಂದರೆ ನೀರು ತುಂಬಿದ ಬಾಗಿದ ಕೊಳವೆ ಅಂಚು ದಾಟಿಸಿ ನೀರು ಎಳೆಯುತ್ತಿರಬೇಕು. ಕರೆಂಟ್ ಹೋಗಿ ಬಂದಾಗ ಸೈಫನ್ ಕಡಿದಿದ್ದರೆ ಪಂಪ್ ಮಾತ್ರ ಓಡಿ ಟ್ಯಾಂಕ್ ತುಂಬಿ ಚೆಲ್ಲುತ್ತೆ. ಕರೆಂಟ್ ಹೋಗಿ ಬರುವ ಮನೆಗೆ ನಾನು ಅದನ್ನು ಹೇಳೋಲ್ಲ. ಕೊರೆಯೋಕೆ ಆಗದಿದ್ದರೆ ಸಂಪ್ ಬಿಟ್ಟು ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ತೊಗೊಳ್ಳಿ.