ಕಲಬುರಗಿ, ಬೀದರ, ಯಾದಗಿರಿ ಕಡೆ ರಾಜ್ಯ ನಡೆಸಿದ ರಾಣಿಯರು ಯಾರೂ ಇರಲಿಲ್ಲವೇ?

ಇದ್ದರು. ಕಿತ್ತೂರು, ಕೆಳದಿ ರಾಣಿಯರಷ್ಟು ಹೆಸರಾಗಲಿಲ್ಲ, ಅಷ್ಟೇ.

ಬೀದರ ಹತ್ತಿರದ ಅಷ್ಟೂರಿಗೆ ಹೋದರೆ ಸಿಡಿಲು ಬಡಿದು ಅರ್ಧ ಕುಸಿದ ಗುಮ್ಮಟವೊಂದು ಕಾಣುತ್ತದೆ. ಅದು ಬಹಮನಿ ಸುಲ್ತಾನ ಹುಮಾಯೂನನದು. ಕ್ರೂರಿ ಎಂದೇ ಹೆಸರಾದವನು. 1461ರಲ್ಲಿ ಅವನು ಸತ್ತಾಗ ಮಗ ನಿಜಾಮನಿಗೆ ಇನ್ನೂ ಎಂಟು ವರ್ಷ. ಆಗ ರಾಜ್ಯ ಹಿಡಿದು ನಿಲ್ಲಿಸಿದ್ದು ಹೆಂಡತಿ, ಮಖ್ದೂಮಾ ಜಹಾನ್ ನರ್ಗಿಸ್ ಬೇಗಂ. ಪರದೆಯ ಹಿಂದೆ ಕೂತು, ಸೇವಕಿಯ ಮೂಲಕ ಮಾತು ಕಳಿಸಿ, ಮಂತ್ರಿಗಳಾದ ಮಹಮೂದ್ ಗವಾನ್ ಮತ್ತು ಖ್ವಾಜಾ ಜಹಾನರ ಜೊತೆ ದರ್ಬಾರು ನಡೆಸಿದಳು. ಪಟ್ಟಕ್ಕೆ ಮಗು ಬಂದದ್ದೇ ತಡ, ಮಾಳವದ ಸುಲ್ತಾನ ಬೀದರದ ಮೇಲೆ ಬಿದ್ದ. ಆಕೆ ಮಗನನ್ನು ಕರೆದುಕೊಂಡು ಭೀಮಾ ದಂಡೆಯ ಫಿರೋಜಾಬಾದಿಗೆ ಸರಿದಳು. ಗುಜರಾತಿನ ಸೈನ್ಯ ನೆರವಿಗೆ ಬಂದು ಮಾಳವದವರು ಹಿಂದೆ ಸರಿಯಬೇಕಾಯಿತು. ಇದನ್ನು ಓಡಿಹೋದದ್ದು ಅನ್ನುವವರಿದ್ದಾರೆ, ನನಗೆ ಅದು ಜಾಣತನ. 1463ರಲ್ಲಿ ನಿಜಾಮ ತೀರಿಕೊಂಡ ಮೇಲೆ ಇನ್ನೊಬ್ಬ ಮಗ, ಮೂರನೇ ಮುಹಮ್ಮದನ ಪರವಾಗಿಯೂ ಆಕೆಯದೇ ಕಾರುಬಾರು.

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ 1840ರ ದಶಕದಲ್ಲಿ ರಾಣಿ ಈಶ್ವರಮ್ಮ ಎಳೆಯ ಮಗ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡಳು. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೂ ಅವಳಿಗೂ ಅಷ್ಟಕ್ಕಷ್ಟೇ. ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವನು ಅದೇ ಮಗ.