ರೋಡ್ ಬೈಕಲ್ಲಿ ಕೈ ಜೋಮು ಹಿಡಿಯುತ್ತಿದೆ, ಕಾರ್ಬನ್ ಹ್ಯಾಂಡಲ್‌ಬಾರ್ ಹಾಕಿಸಲಾ?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಸೈಕಲಲ್ಲಿ ಹೊರಟರೆ ಮಂಡಗದ್ದೆ ಬರುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ, ಕತ್ತು ಬಿಗಿಯುತ್ತದೆ, ಕಾರ್ಬನ್ ಹ್ಯಾಂಡಲ್‌ಬಾರ್ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಕಾರ್ಬನ್ ಬಾರ್ ರಸ್ತೆಯ ನಡುಕವನ್ನು ಸ್ವಲ್ಪ ತಗ್ಗಿಸಬಹುದು, ಆದರೆ ದೂರ ಇರುವ ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಚಪ್ಪಲಿ ಚಿಕ್ಕದಾಗಿ ಕಚ್ಚುತ್ತಿದ್ದರೆ ಅದೇ ಸೈಜಿನಲ್ಲಿ ದುಬಾರಿ ಚಪ್ಪಲಿ ತಂದ ಹಾಗಾಗುತ್ತದೆ. ಕೈ ಮತ್ತು ಕತ್ತು ಎರಡೂ ಒಟ್ಟಿಗೆ ನೋಯುತ್ತಿವೆ ಅಂದರೆ ಹೆಚ್ಚಾಗಿ ಹ್ಯಾಂಡಲ್ ದೂರ ಇದೆ, ಇಲ್ಲವೇ ತೀರಾ ಕೆಳಗಿದೆ. ಅದನ್ನು ಸರಿಮಾಡುವುದು ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ ಗಿಡ್ಡ ತುಂಡು. ಮೊದಲ ಪ್ರಯೋಗಕ್ಕೆ ದುಡ್ಡೂ ಬೇಡ.

ಅದಕ್ಕೂ ಮುಂಚೆ ಸೀಟು ನೋಡಿ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ಮೈ ಮುಂದಕ್ಕೆ ಜಾರುತ್ತಾ ಇರುತ್ತದೆ, ಆ ಭಾರವನ್ನೆಲ್ಲ ಅಂಗೈ ಹೊರಬೇಕು. ಫೋನಿನಲ್ಲಿರುವ ಲೆವೆಲ್ ಇಟ್ಟು ಮಟ್ಟ ಮಾಡಿಕೊಳ್ಳಿ. ಹ್ಯಾಂಡಲ್ ಹತ್ತಿರ ಬರಲಿ ಅಂತ ಸೀಟನ್ನೇ ಮುಂದಕ್ಕೆ ತಳ್ಳುವವರಿದ್ದಾರೆ, ಅದು ಮಾತ್ರ ಬೇಡ. ಸೀಟಿನ ಜಾಗ ಗೊತ್ತಾಗಬೇಕಾದ್ದು ಕಾಲು ಮತ್ತು ಪೆಡಲ್ ಲೆಕ್ಕದಲ್ಲಿ.

ಯಾವ ಬೆರಳು ಜೋಮು ಹಿಡಿಯುತ್ತದೆ ಅಂತಲೂ ಗಮನಿಸಿ. ಕಿರುಬೆರಳು, ಉಂಗುರ ಬೆರಳಾದರೆ ಅಂಗೈಯ ಹೊರಅಂಚಿನ ಅಲ್ನಾರ್ ನರದ ಮೇಲೆ ಭಾರ ಬೀಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟು ಜಾಸ್ತಿ ಬಾಗಿದೆ ಅಂತ ಅನುಮಾನಿಸಿ. ಬಾರ್ ಅನ್ನು ಸ್ವಲ್ಪ ತಿರುಗಿಸಿ ಹುಡ್‌ಗಳ (ಬ್ರೇಕ್ ಲಿವರ್ ಮೇಲೆ ಕೈ ಇಡುವ ರಬ್ಬರ್ ಹಿಡಿ) ಕೋನ ಬದಲಿಸಿದರೇ ಕೆಲವೊಮ್ಮೆ ವಾಸಿ ಅನ್ನಿಸುತ್ತದೆ. ಸೈಕಲ್ ಇಳಿದ ಮೇಲೂ ದಿನಗಟ್ಟಲೆ ಜೋಮು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಈಗ ಸ್ಟೆಮ್. ತುಂಬಾ ರೋಡ್ ಬೈಕ್‌ಗಳಲ್ಲಿ 6 ಡಿಗ್ರಿ ಕೋನದ ಸ್ಟೆಮ್ಮನ್ನು ಕೆಳಮುಖವಾಗಿ ಹಾಕಿರುತ್ತಾರೆ. ಅದನ್ನೇ ಬಿಚ್ಚಿ ತಲೆಕೆಳಗಾಗಿ ಹಾಕಿದರೆ, 100 ಮಿ.ಮೀ. ಸ್ಟೆಮ್ ಆದರೆ ಹ್ಯಾಂಡಲ್ ಹತ್ತಿರ ಹತ್ತಿರ 2 ಸೆಂ.ಮೀ. ಮೇಲೆ ಬರುತ್ತದೆ, ಅರ್ಧ ಸೆಂ.ಮೀ.ಗಿಂತ ಚೂರು ಜಾಸ್ತಿ ನಿಮ್ಮ ಕಡೆಗೂ ಬರುತ್ತದೆ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ಕೂತು ನೋಡಿದರೆ ಗೊತ್ತಾಗುತ್ತೆ. ಸ್ಟೆಮ್ ಮೇಲ್ಗಡೆ ಸ್ಪೇಸರ್ (ಬಳೆಯಂಥ ಉಂಗುರ) ಇದ್ದರೆ ಅದನ್ನು ಕೆಳಕ್ಕೆ ಹಾಕಿ ಇನ್ನಷ್ಟು ಎತ್ತರಿಸಬಹುದು. ಆದರೆ ಸ್ಟೀರರ್ (ಸ್ಟೆಮ್ ಕೂರುವ, ಮುಂದಿನ ಫೋರ್ಕಿನ ಕೊಳವೆ) ಕಾರ್ಬನ್‌ದಾದರೆ ಎಷ್ಟು ಸ್ಪೇಸರ್ ಹಾಕಬಹುದು ಅಂತ ಕಂಪನಿ ಒಂದು ಮಿತಿ ಇಟ್ಟಿರುತ್ತದೆ, ಅದನ್ನು ಮೀರಬೇಡಿ. ಕೇಬಲ್‌ಗಳೆಲ್ಲ ಸ್ಟೆಮ್ ಒಳಗಿಂದಲೇ ಹೋಗುವ ಹೊಸ ಮಾದರಿ ಬೈಕಾದರೆ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಮೆಕ್ಯಾನಿಕ್‌ಗೆ ಕೊಡಿ.

ಮಾಮೂಲಿ ಬೈಕಿಗೆ 4 ಮತ್ತು 5 ಮಿ.ಮೀ. ಅಲೆನ್ ಕೀ ಸಾಮಾನ್ಯವಾಗಿ ಸಾಕು. ವಾಪಸ್ ಜೋಡಿಸುವಾಗ ಕ್ರಮ ಮುಖ್ಯ. ಮೊದಲು ಮೇಲಿನ ಮುಚ್ಚಳದ ಬೋಲ್ಟ್, ಆಮೇಲೆ ಸ್ಟೆಮ್ ಪಕ್ಕದ ಎರಡು ಬೋಲ್ಟ್. ಮುಚ್ಚಳದ ಬೋಲ್ಟ್ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗಿನ ಸಡಿಲ ತೆಗೆಯುವುದಕ್ಕೆ ಅಷ್ಟೇ, ಸ್ಟೆಮ್ಮನ್ನು ಹಿಡಿದಿಡುವುದು ಪಕ್ಕದ ಬೋಲ್ಟುಗಳು. ಹಾಗಾಗಿ ಮುಚ್ಚಳವನ್ನು ಜೋರಾಗಿ ಬಿಗಿಯಬೇಡಿ, ಹ್ಯಾಂಡಲ್ ತಿರುಗಿಸೋಕೆ ಬಿಗಿ ಬರುತ್ತದೆ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹೆಡ್‌ಸೆಟ್ ಹತ್ತಿರ ಟಕ್ ಟಕ್ ಅಂದರೆ ಇನ್ನೂ ಸಡಿಲ ಇದೆ. ಬಾರ್ ಹಿಡಿಯುವ ಮುಂಭಾಗದ ನಾಲ್ಕು ಬೋಲ್ಟನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿತ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಸರಿಯಾದ ಅಂಕಿ ಸ್ಟೆಮ್ ಮೇಲೇ ಬರೆದಿರುತ್ತದೆ. ಕಾರ್ಬನ್ ಇದ್ದರಂತೂ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ತೋರಿಸುವ ಪಾನಾ) ಇಲ್ಲದೆ ಕೈ ಹಾಕಬೇಡಿ.

ಮೊದಲು ಗಾಜನೂರು, ಸಕ್ರೆಬೈಲಿನವರೆಗೆ ಹೋಗಿ ಬಂದು ಬೋಲ್ಟು ಇನ್ನೊಮ್ಮೆ ನೋಡಿ. ಆಮೇಲೆ ಅದೇ ಮಂಡಗದ್ದೆ ದಾರಿಗೆ ಹೋಗಿ. ವಾಸಿ ಆಗಿದೆ, ಆದರೂ ಕೈ ಚಾಚಬೇಕಾಗಿದೆ ಅನ್ನಿಸಿದರೆ ಆಗ 10 ಮಿ.ಮೀ. ಚಿಕ್ಕ ಸ್ಟೆಮ್ ಕೊಳ್ಳಿ. ಅಲ್ಯೂಮಿನಿಯಂದೇ ಸಾಕು. ತೀರಾ ಗಿಡ್ಡ ಮಾಡಬೇಡಿ, ಸ್ಟೀರಿಂಗ್ ಚಂಚಲ ಆಗುತ್ತದೆ. 70ಕ್ಕಿಂತ ಕೆಳಗೆ ಇಳಿಯಬೇಕು ಅನ್ನಿಸಿದರೆ ಫ್ರೇಮೇ ನಿಮಗೆ ದೊಡ್ಡದಿರಬೇಕು.

ಇಷ್ಟೆಲ್ಲ ಆದಮೇಲೂ ಬಾರ್ ಬದಲಿಸಬೇಕು ಅಂದರೆ ಆಕಾರ ನೋಡಿ ಕೊಳ್ಳಿ, ವಸ್ತು ನೋಡಿ ಅಲ್ಲ. ಎರಡು ಭುಜದ ಮೂಳೆಗಳ ನಡುವೆ ಅಳೆದು ಅಗಲ ಆರಿಸಿ. ಕೆಲವು ಕಂಪನಿಗಳು ನಡುವಿನಿಂದ ನಡುವಿಗೆ ಅಳೆಯುತ್ತವೆ, ಕೆಲವು ಹೊರಅಂಚಿನಿಂದ, ಅಂಗಡಿಯಲ್ಲಿ ಕೇಳಿಕೊಳ್ಳಿ. ಕಾಂಪ್ಯಾಕ್ಟ್ ಅನ್ನುವ ಮಾದರಿಯಲ್ಲಿ ರೀಚ್ (ಬಾರ್ ಮುಂದಕ್ಕೆ ಚಾಚುವ ದೂರ) 70-80 ಮಿ.ಮೀ., ಡ್ರಾಪ್ (ಕೆಳಕ್ಕೆ ಇಳಿಯುವ ಆಳ) 125ರ ಸುತ್ತಮುತ್ತ ಇರುತ್ತದೆ, ನಮ್ಮಂಥವರಿಗೆ ಅದೇ ಸರಿ. ಸ್ಟೆಮ್ ಹಿಡಿಯುವ ಜಾಗದ ದಪ್ಪ ಈಗ ಹೆಚ್ಚಾಗಿ 31.8 ಮಿ.ಮೀ., ಹಳೇ ಬೈಕಾದರೆ 26 ಅಥವಾ 25.4 ಇರಬಹುದು. ರಸ್ತೆಯ ನಡುಕವೇ ನಿಮ್ಮ ತೊಂದರೆಯಾದರೆ 25 ಮಿ.ಮೀ. ಬದಲು 28 ಮಿ.ಮೀ. ಅಗಲದ ಟೈರ್ ಹಾಕಿ ಗಾಳಿ ಸ್ವಲ್ಪ ಕಡಿಮೆ ಮಾಡುವುದು ಕಾರ್ಬನ್ ಬಾರಿಗಿಂತ ಎಷ್ಟೋ ಅಗ್ಗ. ಫ್ರೇಮಿನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ.

ಆಗುಂಬೆ ಘಾಟಿ ಇಳಿಯುವ ಆಸೆ ಇದ್ದರೆ ಇನ್ನೊಂದು ವಿಷಯ. 14 ಹೇರ್‌ಪಿನ್ ತಿರುವಿನಲ್ಲೂ ಡ್ರಾಪ್ (ಬಾರಿನ ಕೆಳಗಿನ ಬಾಗು) ಹಿಡಿದು ಬ್ರೇಕ್ ಒತ್ತಬೇಕು, ಬ್ರೇಕ್ ಲಿವರ್ ಬೆರಳಿಗೆ ದೂರ ಇದ್ದರೆ ಕೈ ಸೋತುಹೋಗುತ್ತದೆ. ಈಗಿನ ಹೆಚ್ಚಿನ ಲಿವರ್‌ಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ. ನಮ್ಮ ಮಳೆಗಾಲ ಮುಗಿದಮೇಲೆ ಹ್ಯಾಂಡಲ್ ಟೇಪ್ ಬಿಚ್ಚಿ ಒಳಗೂ ನೋಡಿ. ಬೆವರು, ಮಳೆನೀರು ಸೇರಿ ಅಲ್ಯೂಮಿನಿಯಂ ಬಾರನ್ನು ತಿನ್ನುತ್ತವೆ, ಬಿಳಿ ಪುಡಿ ಮತ್ತು ಗುಳಿ ಕಂಡರೆ ಆ ಬಾರ್ ತೆಗೆದುಹಾಕಿ.