ಸಮುದ್ರ ಹುಡುಕಬೇಡಿ, ರೈಲ್ವೆ ಸ್ಟೇಷನ್ ಹುಡುಕಿ

ಸರ್, ನಿಮ್ಮ ದಕ್ಷಿಣ ಫ್ರಾನ್ಸ್ ಪ್ರವಾಸದ ಪ್ಲ್ಯಾನ್ ಓದಿದೆ. ಆಗಸ್ಟ್ ಮೊದಲ ಶನಿವಾರ ಬೆಳಿಗ್ಗೆ ಸ್ಟುಟ್‌ಗಾರ್ಟ್ ಬಿಡುವುದು, ಬಾಡಿಗೆಯ 7.4 ಮೀಟರ್ ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗುವ ಗಾಡಿ), ಗೋರ್ಡ್, ರೂಸಿಯೋನ್, ಮೂಸ್ತಿಯೇ, ಕಸೀ, ಸೇಂಟ್ ಟ್ರೋಪೆ, ನೀಸ್, ದಿನಕ್ಕೊಂದು ಊರು. ಅದರ ಮೇಲೆ "ರಾತ್ರಿ ಸಮುದ್ರದ ಪಕ್ಕ ಎಲ್ಲಾದರೂ ಫ್ರೀಯಾಗಿ ನಿಲ್ಲಿಸುತ್ತೇವೆ" ಅಂತ ಬೇರೆ ಬರೆದಿದ್ದೀರಿ. ಕೆಳಗೆ ಕಾಮೆಂಟಿನಲ್ಲಿ ಎಲ್ಲರೂ ಸೂಪರ್ ಸೂಪರ್ ಅಂದಿದ್ದಾರೆ. ನಾನು ಅನ್ನುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚುಕಡಿಮೆ ಇದೇ ಪ್ಲ್ಯಾನ್ ಹಾಕಿಕೊಂಡು ನಾವಿಬ್ಬರೂ ಒಂದು ಆಗಸ್ಟ್‌ನಲ್ಲಿ ಹೋಗಿದ್ದೆವು.

ಸೇಂಟ್ ರಫಾಯೆಲ್‌ನಿಂದ ಕಾನ್ ಕಡೆಗೆ ಎಸ್ತೆರೆಲ್ ಬೆಟ್ಟದ ಅಂಚಿನಲ್ಲಿ ಒಂದು ರಸ್ತೆ ಇದೆ. ಕೆಂಪು ಬಂಡೆ, ಕೆಳಗೆ ನೀಲಿ ನೀರು, ಎಲ್ಲ ಫೋಟೋದಲ್ಲೂ ಬರುವ ರಸ್ತೆ ಅದೇ. ಸ್ಟೀರಿಂಗ್ ನನ್ನ ಕೈಯಲ್ಲಿ, ನಮ್ಮ ಯಜಮಾನರು ಪಕ್ಕದಲ್ಲಿ ಕೂತು "ಮುಂದಿನ ತಿರುವಿನಲ್ಲಿ ಪಾರ್ಕಿಂಗ್ ಇದೆ" ಅಂತ ಹೇಳುತ್ತಲೇ ಇದ್ದರು. ಪಾರ್ಕಿಂಗ್ ಇತ್ತು, ಇಲ್ಲ ಅಂತಲ್ಲ. ಬಾಯಿಗೆ 2 ಮೀಟರ್ ಎತ್ತರದ ಅಡ್ಡಕಂಬಿ, ನಮ್ಮ ಗಾಡಿ ಅದರಡಿ ತೂರುವುದಿಲ್ಲ. ಮುಂದಿನದರಲ್ಲಿ 1.90ರ ಕಂಬಿ. ಕಂಬಿ ಇಲ್ಲದ ಜಾಗದಲ್ಲಿ ಬೆಳಿಗ್ಗೆ ಎಂಟಕ್ಕೇ ಬಂದು ತುಂಬಿಕೊಂಡ ಕಾರುಗಳು. ಹಿಂದೆ ಸಾಲುಗಟ್ಟಿ ಹಾರ್ನ್. ನಿಧಾನ ಮಾಡಿದರೆ ಬೈಗುಳ, ನಿಲ್ಲಿಸಿದರೆ ಇನ್ನೂ ಜಾಸ್ತಿ ಬೈಗುಳ. ಸಮುದ್ರ ಬಲಗಡೆಯೇ ಇತ್ತು, ಇಡೀ ದಾರಿ ಇತ್ತು. ಕಾನ್ ಮುಟ್ಟಿದಾಗ ನಮ್ಮಿಬ್ಬರ ಕಾಲಿಗೆ ಒಂದು ಹನಿ ಉಪ್ಪುನೀರು ತಾಗಿರಲಿಲ್ಲ. ಕಾನ್ ಒಳಗೆ ಆ ಗಾಡಿ ಒಯ್ದದ್ದು ಅಂದರೆ ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಗೆ ಲಾರಿ ನುಗ್ಗಿಸಿದ ಹಾಗೆ. ಆ ಸಂಜೆ ನಾವಿಬ್ಬರೂ ಮಾತಾಡಿಕೊಳ್ಳಲಿಲ್ಲ.

ಮಾರನೇ ದಿನ ಹೆದ್ದಾರಿ ಹಿಡಿದು ವಾಪಸ್ ಬಂದು ಅಗೇ ಅನ್ನುವ ಸಣ್ಣ ಊರಿನಲ್ಲಿ, ದುಡ್ಡು ಕೊಟ್ಟು ತಂಗುವ ಕ್ಯಾಂಪಿಂಗ್‌ನಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿ ಟಿಇಆರ್ ಅನ್ನುವ ಪ್ರಾಂತ್ಯದ ಲೋಕಲ್ ರೈಲು ನಿಲ್ಲುತ್ತದೆ. ಅದೇ ಬೆಟ್ಟ, ಅದೇ ಕೆಂಪು ಬಂಡೆ, ರೈಲು ಹಳಿ ಸಮುದ್ರದ ತಲೆ ಮೇಲೇ ಹೋಗುತ್ತದೆ. ಕಿಟಕಿ ಪಕ್ಕ ಕೂತು ಇಬ್ಬರೂ ನೋಡಬಹುದು, ಯಾರೂ ಓಡಿಸಬೇಕಾಗಿಲ್ಲ. ಕಾನ್, ಆಂಟೀಬ್, ನೀಸ್, ಆಚೆ ಮೆಂಟನ್‌ವರೆಗೂ ಅದೇ ಸಾಲು. ಎಲ್ಲೆಲ್ಲಿ ಮನಸ್ಸಾಗುತ್ತದೋ ಅಲ್ಲಿ ಇಳಿದು, ಕಾಲು ನೆನೆಸಿಕೊಂಡು, ಮುಂದಿನ ರೈಲು ಹತ್ತಿದರಾಯಿತು. ಅವತ್ತಿನಿಂದ ನಮ್ಮದು ಒಂದೇ ಪದ್ಧತಿ. ಗಾಡಿ ನಿಲ್ಲಿಸುವ ಜಾಗ ಆರಿಸುವಾಗ ಸಮುದ್ರ ಕಾಣುತ್ತದಾ ಅಂತ ನೋಡುವುದಿಲ್ಲ. ನಡೆದು ಹೋಗುವಷ್ಟು ಹತ್ತಿರ ರೈಲೋ ಬಸ್ಸೋ ಇದೆಯಾ ಅಂತ ಮೊದಲು ನೋಡುತ್ತೇವೆ. ಬಸ್ಸಿಗೆ ಆ ಕಡೆ "ಝೂ" ಅನ್ನುವ ಪ್ರಾಂತ್ಯದ ಜಾಲ ಇದೆ. ಭಾನುವಾರ ಬಸ್ಸು ಕಮ್ಮಿ, ವೇಳಾಪಟ್ಟಿ ನೋಡಿಯೇ ಹೊರಡಿ.

ಕಸೀಗೂ ಇದೇ ಲೆಕ್ಕ. ಊರೊಳಗೆ ನಿಮ್ಮ ಗಾಡಿಗೆ ಜಾಗ ಹುಡುಕುವ ಕಷ್ಟವೇ ಬೇಡ. ಬಾಂಡೋಲ್ ಅಥವಾ ಲಾ ಸಿಯೋತಾ ಕಡೆ ನಿಲ್ಲಿಸಿ ಮಾರ್ಸೇ ಕಡೆ ಹೋಗುವ ರೈಲು ಹಿಡಿಯಿರಿ. ಕಸೀ ಸ್ಟೇಷನ್ ಬಂದರಿನಿಂದ ಸುಮಾರು 3 ಕಿ.ಮೀ. ಮೇಲಿದೆ, ಅಲ್ಲಿಂದ ಬಸ್ಸಿದೆ. ಕಲಾಂಕ್ ಅನ್ನುವ, ಸಮುದ್ರ ಒಳನುಗ್ಗಿದ ಬಂಡೆ ಕಣಿವೆಗಳಿಗೆ ನಡೆಯುವ ಆಸೆ ಇದ್ದರೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಕಾಡ್ಗಿಚ್ಚಿನ ಅಪಾಯ ನೋಡಿ ಕಾಡಿನ ದಾರಿ ತೆಗೆಯುವುದೋ ಮುಚ್ಚುವುದೋ ಅಂತ ದಿನಾ ತೀರ್ಮಾನ ಮಾಡುತ್ತಾರೆ. ಹಿಂದಿನ ಸಂಜೆಯೇ ಗೊತ್ತಾಗುತ್ತದೆ. ಕೆಂಪು ಬಣ್ಣ ಬಂದರೆ ದಾರಿ ಮುಚ್ಚಿದೆ ಅಂತ, ಬೇಡಿಕೊಂಡರೂ ಬಿಡುವುದಿಲ್ಲ. ಸುಜಿಟೋನ್ ಕಲಾಂಕ್‌ಗೆ 2022ರಿಂದ ಬೇಸಿಗೆಯಲ್ಲಿ ಮುಂಗಡ ಬುಕಿಂಗ್ ಬೇಕು. ಫ್ರೀ, ಆದರೆ ದಿನಕ್ಕೆ 400 ಜನಕ್ಕೆ ಮಾತ್ರ. ಬಂದರಿನಿಂದ ದೋಣಿಯಲ್ಲೂ ಕಲಾಂಕ್ ನೋಡಬಹುದು, ಗಾಳಿ ಜೋರಿದ್ದರೆ ಅದೂ ಹೊರಡುವುದಿಲ್ಲ.

ಸೇಂಟ್ ಟ್ರೋಪೆಗೆ ರೈಲೇ ಇಲ್ಲ, ರಸ್ತೆ ಆಗಸ್ಟ್‌ನಲ್ಲಿ ನಿಂತೇ ಇರುತ್ತದೆ. ಕೊಲ್ಲಿಯ ಆಚೆ ದಡದ ಸೇಂಟ್ ಮಕ್ಸೀಮ್‌ನಿಂದ ದೋಣಿಯಲ್ಲಿ ಹೋಗಿ, ಕಾಲು ಗಂಟೆ. ಮಂಗಳವಾರ ಅಥವಾ ಶನಿವಾರ ಹೋದರೆ ಸಂತೆಯೂ ಸಿಗುತ್ತದೆ. ನನ್ನ ಕೇಳಿದರೆ ಸಂತೆ ಬಿಟ್ಟರೆ ಅಲ್ಲಿ ದುಡ್ಡಿದ್ದವರ ದೋಣಿ ನೋಡುವುದೇ ಕೆಲಸ.

ಈಗ ಆ "ಫ್ರೀಯಾಗಿ" ವಿಷಯ. ಮೇಲೆ ಒಬ್ಬರು "ಪಾರ್ಕ್‌ಫೋರ್‌ನೈಟ್ ಆ್ಯಪ್ ಹಾಕಿಕೊಳ್ಳಿ, ಎಲ್ಲಾ ಸಿಗುತ್ತೆ" ಅಂದಿದ್ದಾರೆ. ಸ್ವಾಮಿ, ಆ ಆ್ಯಪ್‌ನಲ್ಲಿ ಹಳೇ ಚಳಿಗಾಲದಲ್ಲಿ ಯಾರೋ ಮಲಗಿದ ಜಾಗವೂ ಇರುತ್ತದೆ. ಕೊನೆಯ ಕಾಮೆಂಟ್ ಯಾವ ತಿಂಗಳದ್ದು ನೋಡದೆ ಹೋಗಬೇಡಿ. ಫ್ರಾನ್ಸ್‌ನಲ್ಲಿ ವಾಹನ ನಿಲ್ಲಿಸಲು ಬಿಡುವ ಕಡೆ ಮೋಟರ್‌ಹೋಮ್ ನಿಲ್ಲಿಸಿ ಒಳಗೆ ಮಲಗಿದರೆ ಸಾಮಾನ್ಯವಾಗಿ ತಕರಾರಿಲ್ಲ. ಹೊರಗೆ ಕುರ್ಚಿ ಹಾಕಿ ಆನಿಂಗ್ (ಗಾಡಿ ಪಕ್ಕದಲ್ಲಿ ಬಿಚ್ಚುವ ಬಟ್ಟೆಯ ಚಪ್ಪರ) ಬಿಚ್ಚಿದಿರೋ ಅದು ಕ್ಯಾಂಪಿಂಗ್ ಆಗುತ್ತದೆ, ಮತ್ತು ಸಮುದ್ರದ ದಡದಲ್ಲಿ ಹಾಗೆ ಕ್ಯಾಂಪ್ ಮಾಡುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ. ಇದರ ಮೇಲೆ ಕರಾವಳಿಯ ಬಹುಪಾಲು ಊರುಗಳು ರಾತ್ರಿ ಮೋಟರ್‌ಹೋಮ್ ಬೇಡ ಅಂತ ತಮ್ಮದೇ ಬೋರ್ಡ್ ಹಾಕಿಕೊಂಡಿವೆ. ಗಂಟೆ ಹನ್ನೊಂದಕ್ಕೆ ಪೊಲೀಸರು ಬಾಗಿಲು ತಟ್ಟಿದರೆ, ಒಂದು ಲೋಟ ವೈನ್ ಕುಡಿದು ಮಲಗಿದ ನೀವು ಗಾಡಿ ಹೇಗೆ ತೆಗೆಯುತ್ತೀರಿ? ಅದನ್ನು ಯೋಚನೆ ಮಾಡಿದ್ದೀರಾ?

ಫ್ರೀಯೇ ಬೇಕು ಅಂದರೆ ಒಳನಾಡಿಗೆ ಬನ್ನಿ. ಫ್ರಾನ್ಸ್ ಪಾಸಿಯೋನ್ ಅಂತ ಒಂದು ವ್ಯವಸ್ಥೆ 1993ರಿಂದ ನಡೆಯುತ್ತಿದೆ. ವರ್ಷದ ಸದಸ್ಯತ್ವ ತೆಗೆದುಕೊಂಡರೆ ದ್ರಾಕ್ಷಿ ತೋಟದವರು, ಜೇನಿನವರು, ಆಲಿವ್ ಎಣ್ಣೆಯವರು ತಮ್ಮ ಅಂಗಳದಲ್ಲಿ ಒಂದು ರಾತ್ರಿ ನಿಲ್ಲಲು ಬಿಡುತ್ತಾರೆ. ಕೊಳ್ಳಲೇಬೇಕು ಅಂತಿಲ್ಲ. ಆದರೂ ಹೋದ ಕೂಡಲೇ ಮನೆಯವರನ್ನು ಮಾತಾಡಿಸಿ, ಒಂದು ಬಾಟಲಿ ಎಣ್ಣೆಯಾದರೂ ತೊಗೊಳ್ಳಿ. ಬಂದು, ಮಲಗಿ, ಹಲೋ ಕೂಡ ಅನ್ನದೆ ಬೆಳಿಗ್ಗೆ ಜಾಗ ಖಾಲಿ ಮಾಡುವವರನ್ನು ನೋಡಿದ್ದೇನೆ, ನಾಚಿಕೆಯಾಗುತ್ತದೆ. ಅಲ್ಲಿ ಟಾಯ್ಲೆಟ್ ಇರುವುದಿಲ್ಲ, ನಿಮ್ಮದೇ ಬಳಸಬೇಕು.

ಹೆದ್ದಾರಿ ಪಕ್ಕದ ವಿಶ್ರಾಂತಿ ಜಾಗದಲ್ಲಿ ಮಾತ್ರ ರಾತ್ರಿ ಮಲಗಬೇಡಿ. ಎ7, ಎ8, ಎ9 ಮೂರರಲ್ಲೂ ಬೇಡ, ಕಳ್ಳರ ಕಾಟ. ಹಳ್ಳಿಗಳ ಮೋಟರ್‌ಹೋಮ್ ನಿಲ್ದಾಣ ಬೇರೆ, ಅದು ಆರಾಮ. ಕ್ಯಾಂಪಿಂಗ್‌ಕಾರ್ ಪಾರ್ಕ್ ಜಾಲದವು ಗೇಟು ಹಾಕಿದವು, ಎಷ್ಟು ಜಾಗ ಖಾಲಿ ಇದೆ ಅಂತ ಆ್ಯಪ್‌ನಲ್ಲೇ ಕಾಣುತ್ತದೆ. ಚೆಂದ ಏನಿರುವುದಿಲ್ಲ, ಡಾಂಬರು ಮತ್ತು ನಲ್ಲಿ. ನಿದ್ದೆ ಬರುತ್ತದೆ, ಸಾಕಲ್ವಾ.

ಶನಿವಾರ ಹೊರಡುವುದನ್ನು ದಯವಿಟ್ಟು ಬದಲಾಯಿಸಿ. ಆಗಸ್ಟ್ ಮೊದಲ ಶನಿವಾರ ಅಂದರೆ ಫ್ರಾನ್ಸ್‌ಗೆ ಫ್ರಾನ್ಸೇ ಎ7ರಲ್ಲಿ ಇರುತ್ತದೆ. ಅವರ ಸರ್ಕಾರವೇ ಬಿಸೋನ್ ಫ್ಯೂಟೆ ಅಂತ ಟ್ರಾಫಿಕ್ ಕ್ಯಾಲೆಂಡರ್ ಹಾಕುತ್ತದೆ. ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ದಿನ ಲಿಯಾನ್‌ನಿಂದ ಒರಾಂಜ್‌ವರೆಗೆ ಗಾಡಿ ಓಡಿಸುವುದಿಲ್ಲ, ತಳ್ಳುವುದು. ಮಂಗಳವಾರ ಅಥವಾ ಬುಧವಾರ ಹೊರಡಿ.

ಹಳ್ಳಿಗಳ ಭಾಗಕ್ಕೆ ಬರೋಣ. ಗೋರ್ಡ್, ರೂಸಿಯೋನ್ ಎರಡನ್ನೂ ಗಾಡಿಯಲ್ಲಿ ಸುತ್ತುವ ಬದಲು ಆಪ್ಟ್‌ನಲ್ಲಿ ನಿಲ್ಲಿ. ಕವಾಯೋನ್‌ನಿಂದ ಆಪ್ಟ್‌ವರೆಗೆ ಹಳೇ ರೈಲು ಹಳಿ ಇದ್ದ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ, ಹೆಚ್ಚುಕಡಿಮೆ ಸಮತಟ್ಟು. ಮಧ್ಯದಲ್ಲಿ ಪೋಂ ಜೂಲಿಯೆನ್ ಅಂತ ರೋಮನ್ನರ ಕಾಲದ ಸೇತುವೆ ಸಿಗುತ್ತದೆ. 2005ರವರೆಗೂ ಅದರ ಮೇಲೆ ಕಾರು ಓಡುತ್ತಿದ್ದವು ಅಂದರೆ ನಂಬುತ್ತೀರಾ? ರೂಸಿಯೋನ್‌ಗೆ ಕೊನೆಯಲ್ಲಿ ಏರು ಇದೆ, ಬಾಡಿಗೆಗೆ ಎಲೆಕ್ಟ್ರಿಕ್ ಸೈಕಲ್ ತೊಗೊಳ್ಳಿ. ಅಲ್ಲಿನ ಕಾವಿಮಣ್ಣಿನ ದಾರಿಗೆ ಬಿಳಿ ಬಟ್ಟೆ, ಬಿಳಿ ಶೂ ಹಾಕಿಕೊಂಡು ಹೋಗಬೇಡಿ ಅಂತ ಮೇಡಂಗೆ ಹೇಳಿ. ಆ ಬಣ್ಣ ಹೋಗುವುದಿಲ್ಲ.

ಲ್ಯಾವೆಂಡರ್ ಬಗ್ಗೆಯೂ ಆಸೆ ಇಟ್ಟುಕೊಂಡಿದ್ದೀರಿ. ವಲೆನ್ಸೋಲ್‌ನಲ್ಲಿ ಜುಲೈ ಮಧ್ಯದ ಹೊತ್ತಿಗೆ ಕೊಯ್ಲು ಶುರುವಾಗಿಬಿಡುತ್ತದೆ, ನೀವು ಹೋದಾಗ ಕೂಳೆ ನೋಡಬಹುದು. ಸೋ ಅನ್ನುವ ಊರು ಎತ್ತರದಲ್ಲಿದೆ, ಅಲ್ಲಿ ಸ್ವಲ್ಪ ತಡ. ಆಗಸ್ಟ್ 15ಕ್ಕೆ ಅಲ್ಲಿ ಲ್ಯಾವೆಂಡರ್ ಹಬ್ಬವೂ ಇದೆ.

ಹಳ್ಳಿಯ ಚೌಕದಲ್ಲಿ ಸಂಜೆ ಖಾಲಿ ಜಾಗ ಕಂಡರೆ ಖುಷಿಪಡುವ ಮೊದಲು ಮರಕ್ಕೆ, ಕಂಬಕ್ಕೆ ಕಟ್ಟಿದ ಬೋರ್ಡ್ ಓದಿ. ನಾಳೆ ಸಂತೆ ಇದ್ದರೆ ಬೆಳಗಿನ ಜಾವ ಗಾಡಿ ಎಳೆದುಕೊಂಡು ಹೋಗುತ್ತಾರೆ. ಗೋರ್ಡ್ ಮಂಗಳವಾರ, ಸೇಂಟ್ ರೆಮಿ ಬುಧವಾರ, ಲೂರ್‌ಮರೇನ್ ಶುಕ್ರವಾರ, ಆಪ್ಟ್ ಶನಿವಾರ. ಬರೆದಿಟ್ಟುಕೊಳ್ಳಿ.

ಮಿಸ್ತ್ರಾಲ್ ಗಾಳಿ ಬಗ್ಗೆ ಯಾರೂ ಹೇಳಿಲ್ಲ, ಆಶ್ಚರ್ಯ. ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸುತ್ತದೆ, ಗಂಟೆಗೆ 90 ಕಿ.ಮೀ. ದಾಟುವುದು ಏನೂ ವಿಶೇಷ ಅಲ್ಲ. ಆಕಾಶ ಮಾತ್ರ ಶುಭ್ರ ನೀಲಿ, ಅದಕ್ಕೇ ಜನ ಮೋಸ ಹೋಗುವುದು. ಆನಿಂಗ್ ಬಿಚ್ಚಿಟ್ಟು ಸಂತೆಗೆ ಹೋಗಬೇಡಿ. ಫಿಯಾಮ್ಮ ಆಗಲಿ ಥೂಲೆ ಆಗಲಿ, ಆ ಗಾಳಿಗೆ ಬ್ರ್ಯಾಂಡ್ ಲೆಕ್ಕಕ್ಕಿಲ್ಲ. ಬಾಡಿಗೆ ಗಾಡಿಯ ಇನ್ಶೂರೆನ್ಸ್ ಆನಿಂಗ್‌ಗೆ ಅನ್ವಯಿಸುತ್ತದಾ ಅಂತ ಸಹಿ ಹಾಕುವ ಮೊದಲು ಕೇಳಿ. ಎಷ್ಟೋ ಕಡೆ ಅನ್ವಯಿಸುವುದಿಲ್ಲ.

ಅಡುಗೆ. "ಇಂಡಕ್ಷನ್ ಒಲೆ ಒಯ್ಯುತ್ತೇವೆ" ಅಂದಿದ್ದೀರಿ. ಫ್ರಾನ್ಸ್‌ನ ಎಷ್ಟೋ ಕ್ಯಾಂಪಿಂಗ್‌ಗಳಲ್ಲಿ ಕರೆಂಟ್ 6 ಆಂಪಿಯರ್ ಅಷ್ಟೇ. 230 ವೋಲ್ಟಿಗೆ ಗುಣಿಸಿ, 1400 ವಾಟ್ ಕೂಡ ಬರುವುದಿಲ್ಲ. ನಿಮ್ಮ 2000 ವಾಟ್ ಒಲೆ ಹಚ್ಚಿದ ಕೂಡಲೇ ಟ್ರಿಪ್, ಪಕ್ಕದವರ ಫ್ರಿಜ್ಜೂ ಬಂದ್ ಆದರೆ ಅವರ ಮುಖ ನೋಡಲಾಗುವುದಿಲ್ಲ. ಗ್ಯಾಸ್ ಮೇಲೆ 2 ಲೀಟರ್ ಕುಕ್ಕರ್ ಇಡಿ, ಅನ್ನ ಬೇಳೆ ಒಟ್ಟಿಗೇ ಆಗುತ್ತದೆ. ಜರ್ಮನಿಯ ಬೂದು ಸಿಲಿಂಡರನ್ನು ಫ್ರಾನ್ಸ್‌ನಲ್ಲಿ ಬದಲಾಯಿಸಿ ಕೊಡುವುದಿಲ್ಲ, ಎರಡೂ ತುಂಬಿಸಿಕೊಂಡೇ ಹೊರಡಿ. ಕ್ಯಾಂಪಿಂಗ್ ಕರೆಂಟಿನ ನೀಲಿ ಪ್ಲಗ್ಗಿನ ಜೊತೆ ಫ್ರೆಂಚ್ ಸಾಕೆಟ್ಟಿನ ಅಡಾಪ್ಟರ್ ಇಟ್ಟುಕೊಳ್ಳಿ, ಹಳೇ ಮುನ್ಸಿಪಲ್ ಕ್ಯಾಂಪಿಂಗ್‌ಗಳಲ್ಲಿ ಬೇಕಾಗುತ್ತದೆ. ಒಗ್ಗರಣೆ ಹಾಕಿದ ಬಾಣಲೆಯನ್ನು ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ. ಎಣ್ಣೆ ಕೊಳಕುನೀರಿನ ಟ್ಯಾಂಕಿಗೆ ಇಳಿದರೆ 35 ಡಿಗ್ರಿ ಬಿಸಿಲಿಗೆ ಒಳಗೆ ಕೂರಲಾಗುವುದಿಲ್ಲ. ಟಾಯ್ಲೆಟ್ ಕ್ಯಾಸೆಟ್‌ಗೆ (ಹೊರಗೆ ಎಳೆದು ಖಾಲಿ ಮಾಡುವ ಡಬ್ಬಿ) ಥೆಟ್‌ಫೋರ್ಡ್ ಕಂಪನಿಯ ಹಸಿರು ದ್ರವ ಹಾಕಿ, ನೀಲಿ ಬೇಡ. ನೀಲಿ ಜೋರು ಅನ್ನುವುದು ನಿಜ, ಆದರೆ ಸೆಪ್ಟಿಕ್ ಟ್ಯಾಂಕ್ ಇರುವ ಕ್ಯಾಂಪಿಂಗ್‌ನವರು ಬೇಡ ಅನ್ನುತ್ತಾರೆ.

ನೀವು ಸಸ್ಯಾಹಾರಿ ಅಂತ ಹೇಳಿದ್ದರಿಂದ ಇದೂ ಇರಲಿ. ನೀಸ್‌ನಲ್ಲಿ ಸೊಕ್ಕಾ ತಿನ್ನಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಟ್ಟೆಯಲ್ಲಿ ಒಲೆಗೆ ಹಾಕಿ ಬೇಯಿಸಿ ಮೇಲೆ ಮೆಣಸು ಉದುರಿಸುತ್ತಾರೆ. ನಮ್ಮ ಯಜಮಾನರು ಹಸಿಮೆಣಸಿನಕಾಯಿ ಇಲ್ಲ ಅಂತ ಗೊಣಗುತ್ತಲೇ ಎರಡು ತಟ್ಟೆ ಖಾಲಿ ಮಾಡಿದರು. ಮಾರ್ಸೇ ಕಡೆ ಪನೀಸ್ ಅಂತ ಸಿಗುತ್ತದೆ, ಅದೂ ಕಡಲೆಹಿಟ್ಟಿನದೇ, ಕರಿದದ್ದು. ಆಲಿವ್ ಅರೆದ ತಪೆನಾಡ್ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಈರುಳ್ಳಿಯ ಪಿಸ್ಸಲಾದಿಯೇರ್‌ನಲ್ಲೂ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಸಮುದ್ರದ ಪಕ್ಕವೇ ಮಲಗಬೇಕು ಅಂತಿದ್ದರೆ ನೀಸ್ ಕಡೆ ಬಿಟ್ಟು ಪಶ್ಚಿಮಕ್ಕೆ ತಿರುಗಿ. ಕಾಮಾರ್ಗ್‌ನ ಸೇಂಟ್ ಮರಿ ದ ಲಾ ಮೇರ್‌ನಲ್ಲಿ ದುಡ್ಡು ಕೊಟ್ಟು ದಡದ ಹತ್ತಿರವೇ ನಿಲ್ಲಬಹುದು. ಸೊಳ್ಳೆ ವಿಪರೀತ, ಸಂಜೆ ಆರಕ್ಕೇ ಜಾಲರಿ ಎಳೆಯಿರಿ. ಅಲ್ಲಿ ಭತ್ತ ಬೆಳೆಯುತ್ತಾರೆ, ಗದ್ದೆ ಪಕ್ಕ ಬಿಳಿ ಕುದುರೆ ಮೇಯುತ್ತಿರುತ್ತವೆ. ಕಾಮಾರ್ಗ್ ಕೆಂಪಕ್ಕಿ ಒಂದೆರಡು ಕಿಲೋ ತನ್ನಿ. ನೀರು ಜಾಸ್ತಿ ಇಟ್ಟು ಬೇಯಿಸಬೇಕು, ಸಾರಿಗೆ ಚೆನ್ನಾಗಿರುತ್ತದೆ. ಇನ್ನೂ ಆಚೆ ಸೆತ್‌ನಿಂದ ಮಾರ್ಸಿಯಾನ್‌ವರೆಗೆ ಹತ್ತು ಕಿ.ಮೀ.ಗೂ ಜಾಸ್ತಿ ಉದ್ದದ ಮರಳ ದಂಡೆ, ಪಕ್ಕದಲ್ಲೇ ಸೈಕಲ್ ದಾರಿ. ಮರಳಿನ ಮೇಲೆ ಮಾತ್ರ ಗಾಡಿ ಹತ್ತಿಸಬೇಡಿ. ನಿಮ್ಮದು ಫಿಯಟ್ ಡುಕಾಟೋ ಮೇಲೆ ಕಟ್ಟಿದ್ದಾದರೆ ಮುಂದಿನ ಚಕ್ರ ಎಳೆಯುವ ಗಾಡಿ, ಭಾರವೆಲ್ಲ ಹಿಂದೆ, ಹೂತರೆ ಟ್ರ್ಯಾಕ್ಟರೇ ಬರಬೇಕು.

ಟೋಲ್ ಒಂದು ಉಳಿಯಿತು. ಎತ್ತರ 3 ಮೀಟರ್‌ಗಿಂತ ಕಮ್ಮಿ, ತೂಕ 3.5 ಟನ್ ಒಳಗೆ ಇದ್ದರೆ ಕ್ಲಾಸ್ 2. ಮಾಡಿನ ಮೇಲೆ ಎಸಿ ಕೂರಿಸಿ 3 ಮೀಟರ್ ಮುಟ್ಟಿದರೆ ಕ್ಲಾಸ್ 3, ದುಡ್ಡು ಜಾಸ್ತಿ. ಯಂತ್ರ ಕೆಲವೊಮ್ಮೆ ಸುಮ್ನೆ 3 ಅಂತ ತೋರಿಸುತ್ತದೆ, ಆಗ ಸಹಾಯದ ಗುಂಡಿ ಒತ್ತಿ "ಕ್ಲಾಸ್ ದ್ಯೂ" ಅನ್ನಿ, ಸರಿ ಮಾಡುತ್ತಾರೆ. 2 ಮೀಟರ್ ಕಂಬಿ ಇರುವ ಲೇನಿಗೆ ಹೋಗಬೇಡಿ. ನಿಮ್ಮ ಗಾಡಿಯ ಎತ್ತರ, ಖಾಲಿ ತೂಕ ಮತ್ತು ಗರಿಷ್ಠ ಒಟ್ಟು ತೂಕ ಕಾಗದದಲ್ಲಿ ಎಷ್ಟಿದೆ ನೋಡಿ ಇಲ್ಲಿ ಹಾಕಿ, ಎರಡು ಸೈಕಲ್ಲು ಮತ್ತು 100 ಲೀಟರ್ ನೀರು ಸೇರಿದರೆ 3.5 ದಾಟುತ್ತದಾ ಅಂತ ಲೆಕ್ಕ ಹಾಕೋಣ.